ರೇಡಿಯೊ, ಪಾಡ್‌ಕಾಸ್ಟ್‌ಗೆ ಕಾರ್ಯಕ್ರಮದ ಐಡಿಯಾ ಒಪ್ಪಿಸುವುದು ಹೇಗೆ: ಒಂದು ವಾಕ್ಯದಿಂದ ಕರಾರಿನವರೆಗೆ

"ಕೆರೆಗಳ ಬಗ್ಗೆ ಒಂದು ಕಾರ್ಯಕ್ರಮ ಮಾಡೋಣ ಸಾರ್" ಎಂದರೆ ನಿಲಯದವರು ಬೇಡವೆನ್ನುವುದಿಲ್ಲ. ತಲೆಯಾಡಿಸುತ್ತಾರೆ, ಚಹಾ ತರಿಸುತ್ತಾರೆ, ಬರೆದು ಕಳಿಸಿ ಎನ್ನುತ್ತಾರೆ. ಮಾತು ಅಲ್ಲಿಗೆ ನಿಲ್ಲುತ್ತದೆ. ಕೆರೆ ಒಂದು ವಿಷಯ. ಅದರಲ್ಲಿ ಕಾರ್ಯಕ್ರಮ ಎಲ್ಲಿದೆ ಎಂದು ಹುಡುಕುವ ಕೆಲಸವನ್ನು ನೀವು ಅವರ ಮೇಜಿನ ಮೇಲೆ ಇಟ್ಟು ಬಂದಿರುತ್ತೀರಿ. ಅವರಿಗೆ ಆಗಲೇ ಬೇಕಾದಷ್ಟು ಕೆಲಸವಿದೆ.

ಇನ್ನೊಂದು ಸಂಗತಿ ಹೊಸಬರಿಗೆ ಹೊಳೆಯುವುದೇ ಇಲ್ಲ. ನಿಮ್ಮ ಪ್ರಸ್ತಾವ ಓದುವವರು ಒಬ್ಬರೇ ನಿರ್ಧಾರ ಮಾಡುವವರಲ್ಲ. ಆಕಾಶವಾಣಿಯ ಕಾರ್ಯಕ್ರಮ ನಿರ್ವಾಹಕರು ಅದನ್ನು ಮೀಟಿಂಗಿನಲ್ಲಿ ಮುಖ್ಯಸ್ಥರ ಮುಂದೆ ಹೇಳಬೇಕು. ಖಾಸಗಿ ಎಫ್‌ಎಂನ ಪ್ರೊಡ್ಯೂಸರ್ ಜಾಹೀರಾತು ವಿಭಾಗಕ್ಕೆ ಹೇಳಬೇಕು. ಪಾಡ್‌ಕಾಸ್ಟ್ ಸಂಸ್ಥೆಯವರು ಪ್ರಾಯೋಜಕರಿಗೆ ಹೇಳಬೇಕು. ಆ ಕೋಣೆಯಲ್ಲಿ ನೀವಿರುವುದಿಲ್ಲ. ನೀವಿಲ್ಲದಾಗ ಇನ್ನೊಬ್ಬರ ಬಾಯಲ್ಲಿ ಅರ್ಧ ನಿಮಿಷದಲ್ಲಿ ಸರಿಯಾಗಿ ಹೇಳಿಸಿಕೊಳ್ಳುವಂತೆ ಐಡಿಯಾವನ್ನು ಬರೆಯಬೇಕು. ಮುಂದಿನ ಎಲ್ಲ ಹೆಜ್ಜೆಗಳೂ ಅದಕ್ಕಾಗಿಯೇ.

ವಿಷಯವನ್ನು ಕಾರ್ಯಕ್ರಮ ಮಾಡುವುದು

ಒಂದು ಉದಾಹರಣೆಯನ್ನೇ ಕೊನೆಯವರೆಗೂ ಹಿಡಿಯೋಣ. "ಹಳ್ಳಿ ಬದುಕು" ಎನ್ನುವುದು ವಿಷಯ. "ಹಳ್ಳಿಯ ಸಾರಿಗೆ" ಸ್ವಲ್ಪ ಸಣ್ಣ ವಿಷಯ. ಈಗ ಇದನ್ನು ಓದಿ:

"ರಾತ್ರಿ ಹಳ್ಳಿಯಲ್ಲೇ ನಿಂತು ನಸುಕಿನಲ್ಲಿ ಹೊರಡುವ ಬಸ್ಸನ್ನು ಹದಿನೈದು ದಿನಕ್ಕೊಮ್ಮೆ ಒಂದೊಂದು ಊರಿನಲ್ಲಿ ಹತ್ತಿ, ಅದರಲ್ಲಿ ಹೋಗುವವರ ಬಾಯಿಂದಲೇ ಆ ಊರಿನ ಒಂದು ಬೆಳಗನ್ನು ಕೇಳಿಸುವ 15 ನಿಮಿಷದ ಸರಣಿ."

ಇದು ಕಾರ್ಯಕ್ರಮ. ಎಲ್ಲಿ ನಡೆಯುತ್ತದೆ, ಯಾರು ಮಾತಾಡುತ್ತಾರೆ, ಏನು ಕೇಳಿಸುತ್ತದೆ, ಎಷ್ಟು ಹೊತ್ತು, ಎಷ್ಟು ದಿನಕ್ಕೊಮ್ಮೆ ಎಂಬ ಐದೂ ಪ್ರಶ್ನೆಗೆ ಆ ವಾಕ್ಯದಲ್ಲೇ ಉತ್ತರವಿದೆ. ನಿಮ್ಮ ವಾಕ್ಯವನ್ನು ಗಟ್ಟಿಯಾಗಿ ಓದಿ; ಒಂದೇ ಉಸಿರಿಗೆ ಮುಗಿಯದಿದ್ದರೆ ಕತ್ತರಿಸಿ. "ಅರಿವು ಮೂಡಿಸುವ", "ಬೆಳಕು ಚೆಲ್ಲುವ", "ವಿನೂತನ" ಎಂಬ ಪದಗಳನ್ನು ತೆಗೆದರೂ ವಾಕ್ಯ ನಿಂತರೆ ಅವು ಬೇಕಿರಲಿಲ್ಲ ಎಂದಾಯಿತು. ತೆಗೆದಾಗ ವಾಕ್ಯವೇ ಕುಸಿದರೆ ಅಲ್ಲಿ ಐಡಿಯಾ ಇರಲಿಲ್ಲ.

ಎರಡನೆಯ ಪರೀಕ್ಷೆ ಕಿವಿಯದು. ಇದರಲ್ಲಿ ಕೇಳಲೇಬೇಕಾದದ್ದು ಏನಿದೆ? ಪತ್ರಿಕೆಯಲ್ಲಿ ಓದಿದರೆ ಸಾಕಾಗುವ ಸಂಗತಿಗೆ ರೇಡಿಯೊ ಬೇಡ. ರಾತ್ರಿ ಊರಲ್ಲೇ ನಿಲ್ಲುವ ಈ ಹಾಲ್ಟ್ ಬಸ್ಸಿನಲ್ಲಿ ತಣ್ಣಗಾದ ಎಂಜಿನ್ ಕೆಮ್ಮಿ ಶುರುವಾಗುವ ಸದ್ದಿದೆ, ಊರು ಎಬ್ಬಿಸುವ ಹಾರನ್ ಇದೆ, ಹಾಲಿನ ಕ್ಯಾನುಗಳ ಕುಟುಕುಟು ಇದೆ, ಕಂಡಕ್ಟರ್ ಹೆಸರು ಹಿಡಿದು ಕರೆಯುವ ಪ್ರಯಾಣಿಕರಿದ್ದಾರೆ. ಪಟ್ಟಿಯಲ್ಲಿ ಮೂರು ಸದ್ದಾದರೂ ಬರೆಯಲಾಗದಿದ್ದರೆ ಆ ಐಡಿಯಾವನ್ನು ಲೇಖನ ಮಾಡಿ.

ಯಾವ ಬಾಗಿಲು ತಟ್ಟಬೇಕು

ಒಂದೇ ಪ್ರಸ್ತಾವವನ್ನು ಹತ್ತು ಕಡೆ ಕಳಿಸಿದರೆ ಹತ್ತು ಕಡೆಯೂ ಬಿದ್ದಿರುತ್ತದೆ. ಪ್ರತಿ ಜಾಗದ ನಿಯಮ ಬೇರೆ.

ಆಕಾಶವಾಣಿಯಲ್ಲಿ ಬೆಂಗಳೂರು, ಮೈಸೂರು, ಧಾರವಾಡ, ಕಲಬುರಗಿ, ಮಂಗಳೂರು, ಭದ್ರಾವತಿ ಹೀಗೆ ಪ್ರತಿ ನಿಲಯಕ್ಕೂ ತನ್ನ ಸೀಮೆ, ತನ್ನ ಮಾತಿನ ರೀತಿ ಇದೆ. ಧಾರವಾಡದ ಕಡೆಯ ಕೇಳುಗರಿಗೆ ನಮ್ಮ ಉದಾಹರಣೆಯ ಬಸ್ಸು "ವಸ್ತಿ ಬಸ್ಸು". ಮೈಸೂರಿನ ಕಡೆಯವರಿಗೆ "ಹಾಲ್ಟ್ ಬಸ್ಸು". ಸರಣಿಯ ಹೆಸರನ್ನೇ ತಪ್ಪು ಸೀಮೆಯ ಮಾತಿನಲ್ಲಿ ಬರೆದರೆ ನೀವು ಆ ನಿಲಯವನ್ನು ಕೇಳಿಲ್ಲ ಎಂದು ಮೊದಲ ಸಾಲಿಗೇ ಗೊತ್ತಾಗುತ್ತದೆ. ಕಾರ್ಯಕ್ರಮಗಳನ್ನು ಮೂರು ತಿಂಗಳ ಲೆಕ್ಕದಲ್ಲಿ ಯೋಜಿಸುತ್ತಾರೆ: ಜನವರಿ–ಮಾರ್ಚ್, ಏಪ್ರಿಲ್–ಜೂನ್, ಹೀಗೆ. ಯುಗಾದಿಯ ಕಾರ್ಯಕ್ರಮದ ಐಡಿಯಾವನ್ನು ಮಾರ್ಚ್ ಮೊದಲ ವಾರ ಕೊಟ್ಟರೆ ಅದು ಮುಂದಿನ ವರ್ಷಕ್ಕೇ. ತ್ರೈಮಾಸಿಕ ಶುರುವಾಗುವ ಎರಡು ತಿಂಗಳ ಮೊದಲೇ ಪ್ರಸ್ತಾವ ಅವರ ಕೈಯಲ್ಲಿರಲಿ.

ಸಮುದಾಯ ಬಾನುಲಿಯ (ಕಮ್ಯುನಿಟಿ ರೇಡಿಯೊ) ಪ್ರಸಾರಶಕ್ತಿ ಸಾಮಾನ್ಯವಾಗಿ 100 ವ್ಯಾಟ್‌ಗೆ ಸೀಮಿತ. ನೆಲ ಸಮತಟ್ಟಾಗಿದ್ದರೆ ಸುಮಾರು 10ರಿಂದ 15 ಕಿಲೋಮೀಟರ್ ಕೇಳುತ್ತದೆ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟಾದರೂ ಸ್ಥಳೀಯರ ಪಾಲ್ಗೊಳ್ಳುವಿಕೆಯಿಂದ ತಯಾರಾಗಬೇಕೆಂಬ ನಿಯಮವಿದೆ. ಆದ್ದರಿಂದ ಆ ಸುತ್ತಳತೆಯೊಳಗಿನ ಊರುಗಳ ಹೆಸರು, ಅಲ್ಲಿ ಮೈಕ್ ಹಿಡಿಯುವವರು ಯಾರು ಎಂಬುದು ಪ್ರಸ್ತಾವದಲ್ಲಿರಬೇಕು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ: ಸಿಬ್ಬಂದಿ ಕಡಿಮೆ, ಕೆಲಸ ಮಾಡಿಕೊಡುವವರು ಬೇಕೇ ಬೇಕು. ಹಣ ಮಾತ್ರ ನಿರೀಕ್ಷಿಸಬೇಡಿ.

ಖಾಸಗಿ ಎಫ್‌ಎಂಗೆ 15 ನಿಮಿಷದ ಸಾಕ್ಷ್ಯರೂಪಕ ಒಯ್ಯುವುದು ಬೇಕರಿಯಲ್ಲಿ ರಾಗಿಮುದ್ದೆ ಕೇಳಿದಂತೆ. ಹಾಡು, ಜಾಹೀರಾತುಗಳ ನಡುವೆ ಆರ್‌ಜೆಗೆ ಸಿಗುವುದು ಒಂದು, ಒಂದೂವರೆ ನಿಮಿಷದ ಲಿಂಕ್, ಅಂದರೆ ಮಾತಿನ ತುಣುಕು. ನಮ್ಮ ಬಸ್ಸು ಅಲ್ಲಿ ಹೋಗಬೇಕಾದರೆ ದಿನಕ್ಕೊಬ್ಬ ಪ್ರಯಾಣಿಕರ 90 ಸೆಕೆಂಡಿನ ತುಣುಕಾಗಬೇಕು, ಪ್ರಾಯೋಜಿಸಬಹುದಾದವರು ಎಂಥವರು ಎಂಬ ಸಾಲೂ ಇರಬೇಕು. ಸುದ್ದಿಗೆ ಹತ್ತಿರವಾದ ಐಡಿಯಾ ತರಬೇಡಿ: ಖಾಸಗಿ ಎಫ್‌ಎಂನವರು ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಬಿತ್ತರಿಸಬಹುದೇ ಹೊರತು ತಮ್ಮದೇ ಸುದ್ದಿ ಮಾಡುವಂತಿಲ್ಲ. ಟ್ರಾಫಿಕ್, ಹವಾಮಾನ, ಪರೀಕ್ಷೆ, ಊರಿನ ಸಾಂಸ್ಕೃತಿಕ ಕಾರ್ಯಕ್ರಮಗಳ ಮಾಹಿತಿಗೆ ಅಡ್ಡಿಯಿಲ್ಲ.

ಪಾಡ್‌ಕಾಸ್ಟ್ ಸಂಸ್ಥೆಗಳು, ಆಡಿಯೊ ಆ್ಯಪ್‌ಗಳು, ಪತ್ರಿಕೆಗಳ ಡಿಜಿಟಲ್ ವಿಭಾಗಗಳು ಕೇಳುವ ಮೊದಲ ಪ್ರಶ್ನೆ: "ಇದನ್ನು ಜನ ಹುಡುಕಿಕೊಂಡು ಯಾಕೆ ಬರುತ್ತಾರೆ?" ರೇಡಿಯೊ ಹಾಕಿಟ್ಟವರ ಕಿವಿಗೆ ಕಾರ್ಯಕ್ರಮ ತಾನಾಗಿ ಬೀಳುತ್ತದೆ, ಪಾಡ್‌ಕಾಸ್ಟನ್ನು ಬೆರಳಿಟ್ಟು ಆರಿಸಬೇಕು. ಕೇಳುಗರು ಎಲ್ಲಿದ್ದಾರೆ, ಅವರನ್ನು ಯಾವ ದಾರಿಯಲ್ಲಿ ತಲುಪುತ್ತೀರಿ ಎಂಬ ಎರಡು ಸಾಲು ಇಲ್ಲಿ ಕಡ್ಡಾಯ. ಹೊರದೇಶದಲ್ಲೂ ಕನ್ನಡಕ್ಕೆ ಜಾಗವಿದೆ. ಆಸ್ಟ್ರೇಲಿಯಾದ ಸಾರ್ವಜನಿಕ ಪ್ರಸಾರ ಸಂಸ್ಥೆ ಎಸ್‌ಬಿಎಸ್‌ನಲ್ಲಿ ಕನ್ನಡ ವಿಭಾಗವೇ ಇದೆ, ಆದರೆ ಅಲ್ಲಿನ ಕನ್ನಡಿಗರ ಬದುಕಿಗೆ ಕೊಂಡಿಯಿಲ್ಲದ ಐಡಿಯಾ ಅವರಿಗೆ ಕಳಿಸಿ ಏನು ಫಲ?

ಎರಡು ವಾರ ಕೇಳಿ

ಬಾಗಿಲು ಆರಿಸಿದ ಮೇಲೆ ಎರಡು ವಾರ ಬರೀ ಕೇಳುವ ಕೆಲಸ. ಒಂದು ನೋಟ್‌ಬುಕ್‌ನಲ್ಲಿ ದಿನ, ಸಮಯ, ಕಾರ್ಯಕ್ರಮದ ಹೆಸರು, ಅವಧಿ, ಎಷ್ಟು ದನಿಗಳು ಎಂದು ಬರೆದುಕೊಳ್ಳಿ. ಆಕಾಶವಾಣಿಯ ನಿಲಯಗಳನ್ನು ದೂರದಿಂದ ಕೇಳಬೇಕಾದರೆ ನ್ಯೂಸ್ ಆನ್ ಏರ್ ಆ್ಯಪ್ ಇದೆ. ದಿನದ ಯಾವ ಗಳಿಗೆಯಲ್ಲಿ ಏನು ಎಂಬ ಸ್ಥಿರ ಪಟ್ಟಿಯನ್ನು ಆಕಾಶವಾಣಿಯವರು ಫಿಕ್ಸ್ಡ್ ಪಾಯಿಂಟ್ ಚಾರ್ಟ್ ಎನ್ನುತ್ತಾರೆ. ಆ ಪಟ್ಟಿಯಲ್ಲಿ ಹೊಸ ಗಳಿಗೆ ಹುಟ್ಟಿಸುವುದು ಕಷ್ಟ. ಇರುವ ಗಳಿಗೆಯೊಳಗೆ ಕೂರುವುದು ಸುಲಭ. "ಶನಿವಾರ ಸಂಜೆಯ ಗ್ರಾಮೀಣ ಕಾರ್ಯಕ್ರಮದಲ್ಲಿ ತಿಂಗಳಿಗೆರಡು ಸಲ" ಎಂದು ಬರೆದವರಿಗೂ "ಸೂಕ್ತ ಸಮಯದಲ್ಲಿ ಪ್ರಸಾರ ಮಾಡಬಹುದು" ಎಂದು ಬರೆದವರಿಗೂ ಬಹಳ ಅಂತರ.

ಒಂದು ಪುಟ

ಎ4 ಹಾಳೆಯ ಒಂದು ಬದಿ, 250ರಿಂದ 300 ಪದ. ಎರಡನೇ ಪುಟಕ್ಕೆ ಹೋದರೆ ಓದುವವರು ಅದನ್ನು "ಆಮೇಲೆ" ಎಂದು ಬದಿಗಿಡುತ್ತಾರೆ. ಮೇಲೆ ಸರಣಿಯ ಹೆಸರು, ಅವಧಿ, ಕಂತುಗಳ ಸಂಖ್ಯೆ. ಅದರ ಕೆಳಗೆ ಆ ಒಂದು ವಾಕ್ಯ. ಆಮೇಲೆ ಕೇಳುಗರು ಯಾರು ಎಂಬುದು: "ಸಾರ್ವಜನಿಕರು" ಎಂದರೆ ಯಾರೂ ಅಲ್ಲ. "ಬೆಳಗ್ಗೆ ಕೊಟ್ಟಿಗೆ ಕೆಲಸ ಮಾಡುತ್ತಾ ರೇಡಿಯೊ ಹಾಕುವ ಮನೆಯವರು; ಹಿಂದೆ ಇದೇ ಬಸ್ಸಿನಲ್ಲಿ ಕಾಲೇಜಿಗೆ ಹೋಗಿ ಈಗ ಪೇಟೆಯಲ್ಲಿ ನೆಲೆಸಿದವರು" ಎಂದರೆ ಮುಖ ಕಾಣುತ್ತದೆ.

ನಂತರ ನಿಮಿಷದ ಲೆಕ್ಕ. ಪ್ರಸ್ತಾವದಲ್ಲಿ ಎಲ್ಲರೂ ಬಿಡುವ ಭಾಗ ಇದು, ಓದುವವರು ಮೊದಲು ಹುಡುಕುವ ಭಾಗವೂ ಇದೇ. 15 ನಿಮಿಷದ ಗಳಿಗೆಗೆ 14 ನಿಮಿಷ 30 ಸೆಕೆಂಡಿನ ಲೆಕ್ಕ ಕೊಡಿ, ಉಳಿದದ್ದು ಉದ್ಘೋಷಕರದು. ನಮ್ಮ ಬಸ್ಸಿಗೆ ಹೀಗೆ: ಮೊದಲ 45 ಸೆಕೆಂಡ್ ನಿರೂಪಣೆಯೇ ಇಲ್ಲ, ಎಂಜಿನ್, ಹಾರನ್, ದೂರದ ನಾಯಿ. 2ನೇ ನಿಮಿಷದವರೆಗೆ ಊರಿನ ಪರಿಚಯ. 5ರವರೆಗೆ ಡ್ರೈವರ್, ಕಂಡಕ್ಟರ್: ರಾತ್ರಿ ಎಲ್ಲಿ ಮಲಗಿದರು, ಊಟ ಯಾರ ಮನೆಯದು. 11ರವರೆಗೆ ಮೂವರು ಪ್ರಯಾಣಿಕರು, ತಲಾ ಎರಡು ನಿಮಿಷ. 13ರವರೆಗೆ ಪೇಟೆಯ ಬಸ್‌ಸ್ಟ್ಯಾಂಡ್, ಎಲ್ಲರೂ ಚದುರುವುದು. ಉಳಿದದ್ದು ಮುಂದಿನ ಊರಿನ ಸುಳಿವು, ಹೆಸರುಗಳು.

ಕಂತುಗಳ ಪಟ್ಟಿಗೆ ಆರು ಸಾಲು. ಮೂರು ಕಂತು ಎಲ್ಲರಿಗೂ ಹೊಳೆಯುತ್ತದೆ. ನಾಲ್ಕರಿಂದ ಮುಂದೆ ತಡವರಿಸಿದರೆ ಅದು ಸರಣಿಯಲ್ಲ, ಒಂದೇ ಕಾರ್ಯಕ್ರಮ. ಹಾಗೆಂದು ಒಪ್ಪಿಕೊಂಡು ಒಂದೇ ರೂಪಕವಾಗಿ ಕೊಡುವುದರಲ್ಲಿ ಅವಮಾನವೇನಿಲ್ಲ. ನಮ್ಮ ಪಟ್ಟಿ: ಹೂವಿನ ಮೂಟೆಗಳು ಹೋಗುವ ಬಸ್ಸು; ಕಾಲೇಜು ಹುಡುಗಿಯರೇ ತುಂಬುವ ಬಸ್ಸು; ಡಯಾಲಿಸಿಸ್‌ಗೆಂದು ವಾರಕ್ಕೆರಡು ಸಲ ಜಿಲ್ಲಾಸ್ಪತ್ರೆಗೆ ಹೋಗುವವರು; ಗಾರೆ ಕೆಲಸದವರ ಬಸ್ಸು; ಸಂತೆ ದಿನದ ಬಸ್ಸು; ಆರನೆಯದು, ಹಾಲ್ಟ್ ನಿಂತುಹೋದ ಊರು. ಕೊನೆಯದನ್ನು ಗಮನಿಸಿ. ಐದು ಕಂತು ಬಸ್ಸು ಇರುವುದನ್ನು ಕೇಳಿಸಿ, ಆರನೆಯದರಲ್ಲಿ ಅದಿಲ್ಲದ ಬೆಳಗನ್ನು ಕೇಳಿಸುವುದು. ಪಟ್ಟಿಗೆ ಇಂಥದೊಂದು ತಿರುವು ಇದ್ದರೆ ಓದುವವರು ತಮ್ಮ ಮೀಟಿಂಗಿನಲ್ಲಿ ಅದನ್ನೇ ಹೇಳುತ್ತಾರೆ.

ಕೆಳಗೆ ನಿಮ್ಮ ಬಗ್ಗೆ ಮೂರು ಸಾಲು, ಪ್ರಶಸ್ತಿಗಳ ಪಟ್ಟಿ ಬೇಡ. ಈ ಕೆಲಸಕ್ಕೆ ನೀವೇ ಯಾಕೆ: ಆ ಊರುಗಳ ಪರಿಚಯವೇ, ಭಾಷೆಯೇ, ಧ್ವನಿಮುದ್ರಣ ಬರುತ್ತದೆಯೇ? ಕೊನೆಗೆ ನಿಲಯದಿಂದ ಏನು ಬೇಕು, ಏನು ಬೇಡ ಎಂಬುದು. "ಹೊರಾಂಗಣ ಧ್ವನಿಮುದ್ರಣ ನಾನೇ ಮಾಡುತ್ತೇನೆ, ನಿರೂಪಣೆಗೆ ಸ್ಟುಡಿಯೊ ಒಂದು ಗಂಟೆ, ಸಂಕಲನಕ್ಕೆ ಒಬ್ಬರು ಬೇಕು" ಎಂಬ ಸಾಲು ಒಪ್ಪಿಗೆಯನ್ನು ಹತ್ತಿರ ತರುತ್ತದೆ.

ಒಂದು ಎಚ್ಚರಿಕೆ: ಮಾದರಿ ಸ್ಕ್ರಿಪ್ಟ್ ಕೇಳಿದರೆ ಪದಗಳ ಲೆಕ್ಕ ತಪ್ಪುತ್ತದೆ. ಇಂಗ್ಲಿಷಿನವರು ನಿಮಿಷಕ್ಕೆ 150 ಪದ ಎನ್ನುತ್ತಾರೆ. ಪ್ರತ್ಯಯಗಳೆಲ್ಲ ಅಂಟಿಕೊಳ್ಳುವ ಕನ್ನಡದ ಪದ ಉದ್ದ, ಸಾವಧಾನವಾಗಿ ಓದಿದರೆ ನಿಮಿಷಕ್ಕೆ 90ರಿಂದ 110ರ ಆಸುಪಾಸು. ಗಡಿಯಾರ ಇಟ್ಟು ಗಟ್ಟಿಯಾಗಿ ಓದಿ ನೋಡಿ. ಮನಸ್ಸಿನಲ್ಲಿ ಓದಿದ ಅಳತೆ ಯಾವಾಗಲೂ ಸುಳ್ಳು.

ಮೂರು ನಿಮಿಷದ ಮಾದರಿ

ಪುಟದ ಜೊತೆ ಕೇಳಿಸುವ ಮಾದರಿ ಇದ್ದರೆ ಅರ್ಧ ವಾದ ಗೆದ್ದಂತೆ. ಎರಡರಿಂದ ಮೂರು ನಿಮಿಷ ಸಾಕು. ಪರಿಚಯ ಸಂಗೀತ ಹಾಕಬೇಡಿ. ಅತ್ಯಂತ ಗಟ್ಟಿಯಾದ ದನಿಯಿಂದಲೇ ಶುರು ಮಾಡಿ. ಮೊದಲ 20 ಸೆಕೆಂಡ್ ಕೇಳಿ ಮುಂದೆ ಕೇಳಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ.

ಮೊಬೈಲ್ ಸಾಕು, ಆದರೆ ಕ್ರಮ ಬೇಕು. ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ. ಆ್ಯಪ್‌ನಲ್ಲಿ ವೇವ್ (ದನಿಯನ್ನು ಹಿಂಡದೆ ಇಡುವ) ಫೈಲ್ ಆಯ್ಕೆಯಿದ್ದರೆ ಅದನ್ನೇ ಇಡಿ. ಮಾತಾಡುವವರ ಬಾಯಿಂದ ಅರ್ಧ ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಹಿಡಿಯಿರಿ. ನೇರವಾಗಿ ಹಿಡಿದರೆ ಪ, ಫ, ಭ ಬಂದಾಗಲೆಲ್ಲ ಉಸಿರು ಮೈಕಿಗೆ ಬಡಿಯುತ್ತದೆ. ಬಸ್ಸು ಚಲಿಸುವಾಗ ಸಂದರ್ಶನ ಮಾಡುವುದೇ ದೊಡ್ಡ ತಪ್ಪು: ಎಂಜಿನ್ನಿನ ಗುಡುಗು ಮಾತಿನಡಿಗೆ ಅಂಟಿಕೊಂಡರೆ ಮತ್ತೆ ಬಿಡಿಸಲಾಗದು, ಎರಡು ಉತ್ತರಗಳನ್ನು ಕತ್ತರಿಸಿ ಜೋಡಿಸಿದಲ್ಲಿ ಎಂಜಿನ್ ಜಿಗಿದದ್ದು ಕೇಳಿಸುತ್ತದೆ. ಬಸ್ಸು ಹೊರಡುವ ಮೊದಲು, ಎಂಜಿನ್ ಆಫ್ ಇರುವಾಗ ಮಾತು ಮುದ್ರಿಸಿ. ಆಮೇಲೆ ನಡುವಿನ ಸೀಟಿನಲ್ಲಿ ಕೂತು, ಕಿಟಕಿ ಮುಚ್ಚಿ, ಬರೀ ಬಸ್ಸಿನ ಸದ್ದನ್ನು ಎರಡು ನಿಮಿಷ ಬೇರೆಯಾಗಿ ಮುದ್ರಿಸಿ. ಎರಡನ್ನೂ ಸಂಕಲನದಲ್ಲಿ ಸೇರಿಸಿದರೆ ಮಾತು ತಿಳಿಯಾಗಿ, ಬಸ್ಸು ಹಿಂದೆ ಇರುತ್ತದೆ.

ಕಳಿಸುವಾಗ ವಾಟ್ಸ್‌ಆ್ಯಪ್ ವಾಯ್ಸ್ ಆಗಿ ಕಳಿಸಬೇಡಿ, ಅದು ದನಿಯನ್ನು ಹಿಂಡಿಬಿಡುತ್ತದೆ. ಗೂಗಲ್ ಡ್ರೈವ್‌ಗೆ ಹಾಕಿ ಲಿಂಕ್ ಕೊಡಿ. ಲಿಂಕ್ ಇರುವ ಯಾರಾದರೂ ತೆರೆಯಬಹುದು ಎಂದು ಬದಲಿಸಿ, ಇನ್ನೊಬ್ಬರ ಫೋನಿನಲ್ಲಿ ತೆರೆದು ಪರೀಕ್ಷಿಸಿ. ಅನುಮತಿ ಕೇಳುವ ಲಿಂಕನ್ನು ಯಾರೂ ಎರಡನೇ ಸಲ ಒತ್ತುವುದಿಲ್ಲ.

ಅನುಮತಿ, ಹಕ್ಕು, ಸಂಹಿತೆ

ಒಳ್ಳೆಯ ಪ್ರಸ್ತಾವಗಳು ಸದ್ದಿಲ್ಲದೆ ಸಾಯುವುದು ಇಲ್ಲಿ. ಓದುವವರ ತಲೆಯಲ್ಲಿ "ಇದರಿಂದ ನನಗೇನಾದರೂ ತೊಂದರೆ ಬಂದೀತೆ?" ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಉತ್ತರವನ್ನು ನೀವೇ ಬರೆದುಬಿಡಿ.

ಬಸ್ಸಿನಲ್ಲಿ ಮುದ್ರಿಸಲು ಸಾರಿಗೆ ಸಂಸ್ಥೆಯ ವಿಭಾಗೀಯ ಕಚೇರಿಯ ಲಿಖಿತ ಅನುಮತಿ ಕೇಳಿ. ರಾಜ್ಯದಲ್ಲಿ ಸಾರಿಗೆ ನಿಗಮಗಳು ನಾಲ್ಕು. ಹುಬ್ಬಳ್ಳಿಯ ನಿಗಮದ ಪತ್ರ ಕಲಬುರಗಿಯಲ್ಲಿ ನಡೆಯುವುದಿಲ್ಲ. ಮಾತಾಡುವವರ ಒಪ್ಪಿಗೆಯನ್ನು ಮುದ್ರಿಕೆಯಲ್ಲೇ ಪಡೆಯಿರಿ: ಹೆಸರು, ಊರು, "ಇದು ರೇಡಿಯೊದಲ್ಲಿ ಬರುತ್ತದೆ, ಆಗಬಹುದಾ?" ಎಂಬ ಪ್ರಶ್ನೆ, ಅವರ ಉತ್ತರ. ರೋಗಿಗಳಿದ್ದರೆ ಹೆಸರು ಬೇಡವೆನ್ನಲು ಅವಕಾಶ ಕೊಡಿ; ಮಕ್ಕಳಿದ್ದರೆ ಹೆತ್ತವರ ಒಪ್ಪಿಗೆ.

ಆಕಾಶವಾಣಿಗೆ ತನ್ನದೇ ಪ್ರಸಾರ ಸಂಹಿತೆಯಿದೆ. ಮತ, ಸಮುದಾಯಗಳ ನಿಂದನೆ, ಹಿಂಸೆಗೆ ಪ್ರಚೋದನೆ, ಮಾನಹಾನಿ, ನ್ಯಾಯಾಂಗ ನಿಂದನೆ, ಹೆಸರು ಹಿಡಿದು ರಾಜಕೀಯ ಪಕ್ಷದ ಮೇಲೆ ದಾಳಿ, ರಾಜ್ಯ ಅಥವಾ ಕೇಂದ್ರದ ಮೇಲೆ ಹಗೆತನದ ಟೀಕೆ ಅದರಲ್ಲಿ ನಿಷಿದ್ಧ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಗಿರುವುದರಿಂದ, ಈ ಸರಣಿಯಲ್ಲಿ ಪ್ರಯಾಣಿಕರು ಆ ಮಾತು ಎತ್ತದೇ ಇರುವುದಿಲ್ಲ. ಹೊಗಳಿಕೆಯೂ ಬರುತ್ತದೆ, ಬೈಗುಳವೂ ಬರುತ್ತದೆ. "ಪ್ರಯಾಣಿಕರ ಸ್ವಂತ ಅನುಭವ ಉಳಿಸಿಕೊಳ್ಳುತ್ತೇವೆ, ಪಕ್ಷದ ಮಾತು ಕತ್ತರಿಸುತ್ತೇವೆ" ಎಂಬ ಒಂದು ಸಾಲು ಪ್ರಸ್ತಾವದಲ್ಲಿದ್ದರೆ ಅಧಿಕಾರಿ ನಿರಾಳ.

ಇನ್ನು ಸಂಗೀತ. ರೇಡಿಯೊ ನಿಲಯಗಳು ಹಾಡು ಬಿತ್ತರಿಸಲು ಪರವಾನಗಿ ಪಡೆದಿರುತ್ತವೆ. ಆ ಪರವಾನಗಿ ನಿಮ್ಮ ಪಾಡ್‌ಕಾಸ್ಟಿಗೆ ಬರುವುದಿಲ್ಲ. "ಹತ್ತು ಸೆಕೆಂಡ್ ಬಳಸಿದರೆ ಪರವಾಗಿಲ್ಲ" ಎಂಬುದು ಕಟ್ಟುಕತೆ, ಕಾನೂನಿನಲ್ಲಿ ಅಂಥ ಅಳತೆಯಿಲ್ಲ. ವಚನಗಳಿಗೆ ಹಕ್ಕುಸ್ವಾಮ್ಯವಿಲ್ಲ, ಆದರೆ ಕ್ಯಾಸೆಟ್ಟಿನಲ್ಲಿ ಹಾಡಿದ ವಚನದ ಮುದ್ರಿಕೆಗೆ ಪ್ರಕಟವಾದಲ್ಲಿಂದ 60 ವರ್ಷ ಇದೆ. ಬರಹಕ್ಕೆ ಲೇಖಕರು ತೀರಿಕೊಂಡ ಮೇಲೆ 60 ವರ್ಷ. ಡಿವಿಜಿ ನಿಧನರಾದದ್ದು 1975ರಲ್ಲಿ. ಅಂದರೆ ಕನ್ನಡ ಪಾಡ್‌ಕಾಸ್ಟಿನವರು ಎಗ್ಗಿಲ್ಲದೆ ಓದುವ ಕಗ್ಗದ ಹಕ್ಕು 2035ರ ಕೊನೆಯವರೆಗೂ ಜೀವಂತ. ಅದರ ಮೇಲೆ ಸರಣಿ ಮಾಡುವವರು ಹಕ್ಕುದಾರರ ಪತ್ರ ಸಮೇತ ಹೋಗಬೇಕು.

ಕಾಲ ಮತ್ತು ಕಾಸಿನ ಲೆಕ್ಕ

ಹೊರಗೆ ಮುದ್ರಿಸಿದ 15 ನಿಮಿಷದ ಒಂದು ಕಂತಿಗೆ ಎರಡು ಮೂರು ಗಂಟೆಯ ಮುದ್ರಿಕೆ, ಅದನ್ನು ಕೇಳಿ ಗುರುತು ಹಾಕಲು ನಾಲ್ಕು ಗಂಟೆ, ಸ್ಕ್ರಿಪ್ಟಿಗೆ ಮೂರು, ಸಂಕಲನಕ್ಕೆ ಆರರಿಂದ ಎಂಟು ಗಂಟೆ. ಓಡಾಟ ಬೇರೆ. ವಾರಕ್ಕೊಂದು ಕಂತು ಎಂದು ಉತ್ಸಾಹದಲ್ಲಿ ಬರೆದವರು ಮೂರನೇ ವಾರಕ್ಕೆ ಕೈಚೆಲ್ಲುತ್ತಾರೆ. ಪ್ರಸಾರ ಶುರುವಾಗುವಾಗ ಮೂರು ಕಂತು ಸಿದ್ಧವಿರುತ್ತವೆ ಎಂದು ಬರೆಯಿರಿ, ಹಾಗೇ ಮಾಡಿ. ಪಾಡ್‌ಕಾಸ್ಟ್ ಸಂಸ್ಥೆಗೆ ಪ್ರತಿ ಕಂತಿನ ಖರ್ಚನ್ನು ಓಡಾಟ, ಮುದ್ರಣ, ಸಂಕಲನ, ಸಂಗೀತದ ಪರವಾನಗಿ, ನಿಮ್ಮ ಸಂಭಾವನೆ ಎಂದು ಬಿಡಿಬಿಡಿಯಾಗಿ ಕೊಡಿ. ಒಟ್ಟು ಮೊತ್ತ ಮಾತ್ರ ಕೊಟ್ಟರೆ ಕಡಿಮೆ ಮಾಡಿ ಎನ್ನುತ್ತಾರೆ. ಬಿಡಿಸಿ ಕೊಟ್ಟರೆ ಯಾವುದನ್ನು ಬಿಡಬಹುದೆಂಬ ಮಾತುಕತೆಯಾಗುತ್ತದೆ.

ಕೊಡುವುದು, ಮಾತಾಡುವುದು

ಆಕಾಶವಾಣಿಗೆ ಕಾರ್ಯಕ್ರಮ ಮುಖ್ಯಸ್ಥರ ಹೆಸರಿಗೆ ಸಹಿ ಮಾಡಿದ ಪತ್ರ, ಜೊತೆಗೆ ಇಮೇಲ್. ಕೃಷಿ, ಮಹಿಳೆ, ಯುವಜನ, ನಾಟಕ ಎಂದು ವಿಭಾಗವನ್ನು ವಿಷಯದ ಸಾಲಿನಲ್ಲೇ ಬರೆಯಿರಿ. ನಾಟಕದ ಐಡಿಯಾವಾದರೆ ನಿಮ್ಮ ನಟರು ಆಕಾಶವಾಣಿಯ ಧ್ವನಿಪರೀಕ್ಷೆಯಲ್ಲಿ ತೇರ್ಗಡೆಯಾದವರೇ ಎಂದು ಮೊದಲೇ ನೋಡಿಕೊಳ್ಳಿ. ಎರಡು ವಾರ ಬಿಟ್ಟು ಒಂದು ಫೋನು. ಇನ್ನೂ ಎರಡು ವಾರ ಬಿಟ್ಟು ಇನ್ನೊಂದು. ದಿನಾ "ಗುಡ್ ಮಾರ್ನಿಂಗ್" ಕಳಿಸಿ ನೆನಪಿಸುವವರ ನಂಬರ್ ಮ್ಯೂಟ್ ಆಗುತ್ತದೆ.

ಎದುರು ಕೂರಲು ಕರೆದರೆ ಹಾಳೆ ಓದಬೇಡಿ. ವಾಕ್ಯ ಹೇಳಿ, ಮಾದರಿ ಕೇಳಿಸಿ, ಸುಮ್ಮನಿರಿ. ಸ್ಪೀಕರಿನಲ್ಲಿ ಕೇಳಿಸುವುದಕ್ಕಿಂತ ಒಂದು ಜೊತೆ ಇಯರ್‌ಫೋನ್ ಒಯ್ಯುವುದು ಮೇಲು. "ಇದು ಕಳೆದ ವರ್ಷವೇ ಬಂದಿದೆಯಲ್ಲ" ಎಂದರೆ ವಾದಿಸುವ ಬದಲು, ಅದರಲ್ಲಿ ಇಲ್ಲದೆ ಇದರಲ್ಲಿರುವುದು ಏನೆಂದು ಒಂದೇ ಅಂಶ ಹೇಳಿ. "ಆರು ಕಂತು ಆಗಲ್ಲ, ಒಂದು ಮಾಡಿ" ಎಂದರೆ ಒಪ್ಪಿಕೊಳ್ಳಿ, ಯಾವ ಕಂತು ಎಂದು ಮಾತ್ರ ನೀವು ಆರಿಸಿ. ಬೇಡವೆಂದರೆ ಕಾರಣ ಕೇಳಿ. ಗಳಿಗೆ ಇಲ್ಲ ಎಂದಿದ್ದರೆ ಮುಂದಿನ ತ್ರೈಮಾಸಿಕಕ್ಕೆ ಅದೇ ಪುಟ ಮತ್ತೆ ಹೋಗಬಹುದು. ಐಡಿಯಾವೇ ಬೇಡವೆಂದಿದ್ದರೆ ಹೋಗಬಾರದು.

ಒಪ್ಪಿದ ಮೇಲೆ ಕರಾರು. ಆಕಾಶವಾಣಿಯ ಕರಾರುಪತ್ರದಲ್ಲಿ ದಿನ, ಅವಧಿ, ಸಂಭಾವನೆ ಇರುತ್ತದೆ. ಅದೇ ಮುದ್ರಿಕೆಯನ್ನು ಆಮೇಲೆ ನಿಮ್ಮ ಯೂಟ್ಯೂಬಿಗೆ ಹಾಕಬಹುದೇ ಎಂದು ಸಹಿಗೆ ಮೊದಲು ಕೇಳಿ, ಲಿಖಿತ ಉತ್ತರ ಇಟ್ಟುಕೊಳ್ಳಿ. ಪಾಡ್‌ಕಾಸ್ಟ್ ಕರಾರಿನಲ್ಲಿ ನೋಡಬೇಕಾದದ್ದು ನಾಲ್ಕು: ಸರಣಿಯ ಹೆಸರು ಯಾರದು, ಆರ್‌ಎಸ್‌ಎಸ್ ಫೀಡ್ (ಹೊಸ ಕಂತುಗಳನ್ನು ಪಾಡ್‌ಕಾಸ್ಟ್ ಆ್ಯಪ್‌ಗಳಿಗೆ ತಲುಪಿಸುವ ಕೊಂಡಿ) ಯಾರ ಹೆಸರಿನಲ್ಲಿದೆ, ಮೂಲ ಮುದ್ರಿಕೆಗಳು ಯಾರ ಬಳಿ ಉಳಿಯುತ್ತವೆ, ಬೇರೆಡೆ ಹಾಕದಿರುವ ಷರತ್ತು ಎಷ್ಟು ತಿಂಗಳು. ಫೀಡ್ ಅವರ ಹೆಸರಿನಲ್ಲಿದ್ದರೆ ಸಂಸ್ಥೆ ಮುಚ್ಚಿದ ದಿನ ನಿಮ್ಮ ಚಂದಾದಾರರೂ ಹೋದರು. ಕೇಳಿದಾಗ ಫೀಡನ್ನು ವರ್ಗಾಯಿಸಬೇಕು ಎಂಬ ಸಾಲು ಸೇರಿಸಿ.